ಅಕ್ಕನ ಕೂಸಿಗೆ ಕೌದಿ: ಮನೆ ಮಂದಿ ಗುಂಪಿನಲ್ಲಿ ನಡೆದ ಮಾತು

ನಾನು: (ಫೋಟೊ) ಅಕ್ಕನ ಕೂಸಿಗೆ ಕೌದಿ ಅರ್ಧ ಮುಗಿಯಿತು. 36 ಇಂಚು ಅಗಲ, 42 ಉದ್ದ. ಮೇಲಿನ ತುಂಡೆಲ್ಲ ನಾನು ಬಟ್ಟೆ ಹೊಲಿದಾಗ ಉಳಿದದ್ದು. ಒಳಗೆ ಅಜ್ಜಿಯ ಇಳಕಲ್ ಸೀರೆ, ಎರಡು ಪದರ.

ದೊಡ್ಡವ್ವ: ಚೆಂದ ಬಂದಿದೆ. ಆದರೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದ ಹಾಗಾಯಿತಲ್ಲ! ಮೊದಲು ಹೆರಿಗೆ ಆಗಲಿ.

ನಾನು: ಕಳಿಸುವುದು ಆಮೇಲೇ ದೊಡ್ಡವ್ವ. ಕೈಹೊಲಿಗೆ ಅಲ್ವಾ, ಈಗ ಶುರು ಮಾಡಿದರೆ ತೊಟ್ಟಿಲ ಕಾರ್ಯಕ್ಕೆ ಮುಗಿಯುತ್ತದೆ.

ಕಾಕಾ: ಮೊದಲ ಕೂಸಿಗೆ ಚಿಂದಿ ಬಟ್ಟೆ ಯಾಕೆ? ಬೀಗರು ಏನಂದುಕೊಳ್ಳುತ್ತಾರೆ? ದುಡ್ಡು ನಾನು ಕೊಡುತ್ತೇನೆ, ಅಂಗಡಿಯಿಂದ ಒಳ್ಳೆಯದೊಂದು ತಗೊಳ್ಳಿ.

ನಾನು: ಚಿಂದಿ ಅನ್ನಬೇಡಿ ಕಾಕಾ. ಅಜ್ಜಿ ಆ ಸೀರೆಯನ್ನು ಎಷ್ಟು ವರ್ಷ ಒಗೆದು ಉಟ್ಟಿದ್ದಳು! ಆ ಮೆತ್ತನೆ ಹೊಸ ಬಟ್ಟೆಗೆ ಬರಲ್ಲ. ಸೆರಗು ರೇಷ್ಮೆ, ಬಣ್ಣ ಬಿಡುತ್ತದೆ ಅಂತ ಅದನ್ನು ತೆಗೆದಿಟ್ಟು ಹತ್ತಿಯ ಮೈ ಮಾತ್ರ ಹಾಕಿದ್ದೇನೆ. ಎಲ್ಲ ತುಂಡನ್ನೂ ಮೊದಲೇ ಬಿಸಿನೀರಲ್ಲಿ ಒಗೆದಿದ್ದೇನೆ, ಆಮೇಲೆ ಒಂದು ಕುಗ್ಗಿ ಇನ್ನೊಂದು ಸುಕ್ಕಾಗಬಾರದು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಳೇ ಬಟ್ಟೆಯಲ್ಲೇ ಕವಂದಿ, ಅಂದರೆ ಅವರ ಕೌದಿ, ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಲ್ಲಿ ಬಟ್ಟೆ ಮಡಚಿ ಹೂವು ಇಡುತ್ತಾರೆ. ಅವನ್ನು ಅಮೆರಿಕದಲ್ಲೂ ಪ್ರದರ್ಶನಕ್ಕೆ ಇಟ್ಟಿದ್ದರು. ಬೀಗರು ಕೇಳಿದರೆ ಇದನ್ನೇ ಹೇಳಿ.

ಅಕ್ಕ (ನ್ಯೂಜೆರ್ಸಿ): ನೋಡಿ ಕಣ್ಣು ತುಂಬಿತು ಕಣೇ. ಆದರೆ ಒಂದು ಮಾತು, ಬೇಜಾರು ಮಾಡ್ಕೋಬೇಡ. (ಲಿಂಕ್) ಇಲ್ಲಿನ ಮಕ್ಕಳ ವೈದ್ಯರ ಸಂಘ 2022ರಲ್ಲೂ ಮತ್ತೆ ಹೇಳಿದೆ: ವರ್ಷ ತುಂಬುವವರೆಗೆ ಕೂಸು ಮಲಗುವ ಜಾಗದಲ್ಲಿ ಹೊದಿಕೆ, ದಿಂಬು, ಗೊಂಬೆ ಏನೂ ಇರಬಾರದು.

ದೊಡ್ಡವ್ವ: ಅಂದರೆ ಏನು? ನೀನೂ ನಿನ್ನ ಅವ್ವನೂ ಕೌದಿಯಲ್ಲೇ ಬೆಳೆದವರು. ನಾವು ಮಕ್ಕಳನ್ನು ಸಾಕಿಲ್ಲವಾ?

ಅಕ್ಕ: ಸಾಕಿದ್ದೀಯ ದೊಡ್ಡವ್ವ, ಅದಕ್ಕೇ ನಿನ್ನನ್ನೇ ಕೇಳುತ್ತೇನೆ. ಆಗ ತೊಟ್ಟಿಲ ಪಕ್ಕ ಯಾರಾದರೂ ಕೂತಿರುತ್ತಿದ್ದರು. ಇಲ್ಲಿ ರಾತ್ರಿ ಇಬ್ಬರೇ, ಇಬ್ಬರಿಗೂ ನಿದ್ದೆ ಹತ್ತುತ್ತದೆ.

ನಾನು: ಅಕ್ಕ ಹೇಳುವುದು ಸರಿ. ಎಳೇ ಕೂಸಿಗೆ ಮುಖದ ಮೇಲೆ ಬಂದ ಬಟ್ಟೆ ಸರಿಸಲು ಬರಲ್ಲ. ಉಸಿರು ಕಟ್ಟಬಹುದು, ಮೈ ಬಿಸಿ ಏರಬಹುದು. ಅಮೆರಿಕದಲ್ಲಿ 1994ರಲ್ಲಿ ಕೂಸನ್ನು ಅಂಗಾತ ಮಲಗಿಸಿ ಅಂತ ಊರೂರಿಗೆ ಹೇಳಲು ಶುರು ಮಾಡಿದರು. ನಿದ್ದೆಯಲ್ಲಿ ಕಾರಣವೇ ತಿಳಿಯದೆ ಸಾಯುವ ಕೂಸುಗಳು ಮುಂದಿನ ಹತ್ತು ವರ್ಷದೊಳಗೆ ಸುಮಾರು ಅರ್ಧಕ್ಕೆ ಇಳಿದವು. ಇದನ್ನು ಸುಮ್ನೆ ತಳ್ಳಿಹಾಕುವುದು ಬೇಡ.

ದೊಡ್ಡವ್ವ: ಅಲ್ಲಿ ಹಿಮ ಬೀಳುತ್ತದಲ್ಲ, ಕೂಸು ಚಳಿಗೆ ನಡುಗಬೇಕಾ?

ಅಕ್ಕ: ಚೀಲದಂಥ ಅಂಗಿ ಸಿಗುತ್ತದೆ. ಕೈ ಹೊರಗೆ, ಕಾಲೆಲ್ಲ ಒಳಗೆ, ಜಿಪ್ ಎಳೆಯುವುದು. ಅದು ಮುಖಕ್ಕೆ ಬರಲ್ಲ.

ಕಾಕಾ: ಹಾಗಾದರೆ ಹೊಲಿಯುವುದನ್ನು ನಿಲ್ಲಿಸಿ. ಇಷ್ಟು ಕಷ್ಟ ಯಾಕೆ?

ನಾನು: ನಿಲ್ಲಿಸಲ್ಲ ಕಾಕಾ. ಕೌದಿ ಬರೀ ಹೊದೆಯುವುದಕ್ಕೆ ಅಂತ ಯಾರು ಹೇಳಿದರು? ನಮ್ಮ ಪಡಸಾಲೆಯಲ್ಲಿ ಹಾಸುತ್ತಿರಲಿಲ್ಲವಾ? ಕೂಸು ಎಚ್ಚರ ಇದ್ದಾಗ ನೆಲಕ್ಕೆ ಹಾಸಿ ಬೋರಲು ಬಿಡಲಿ, ಎದುರಿಗೆ ಅಕ್ಕ ಕೂತಿರಲಿ. ಕತ್ತು ಎತ್ತುವುದನ್ನು ಕೂಸು ಅದರ ಮೇಲೆಯೇ ಕಲಿಯಲಿ. ಮಲಗಿಸುವಾಗ ಎತ್ತಿಟ್ಟರಾಯಿತು. ವರ್ಷ ತುಂಬಿದ ಮೇಲೆ ಹೊದಿಸಬಹುದು.

ಅಕ್ಕ: ನನಗೂ ಇದೇ ಬೇಕಿತ್ತು.

ದೊಡ್ಡವ್ವ: ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ಆದರೆ ಕೂಸು ಅವಳದು, ರಾತ್ರಿ ಎಚ್ಚರ ಇರಬೇಕಾದವಳೂ ಅವಳೇ. ಗುಳೇದಗುಡ್ಡದ ಖಣದ ತುಂಡು ಕೊಟ್ಟಿದ್ದೆನಲ್ಲ, ಅದು ಎಲ್ಲೂ ಕಾಣುತ್ತಿಲ್ಲ?

ನಾನು: ಹಾಕಿದ್ದೆ ದೊಡ್ಡವ್ವ. ರಾತ್ರಿ ಕೆನ್ನೆಗೆ ಒತ್ತಿ ನೋಡಿದೆ, ಒರಟು. ಹೊಲಿಗೆ ಬಿಚ್ಚಿದೆ. ಅದನ್ನು ಕೆಳಗಿನ ಮಗ್ಗುಲಿನ ಒಂದು ಮೂಲೆಗೆ ಇಡುತ್ತೇನೆ, ನೆಲದ ಕಡೆಗೆ. ಗುಂಡಿ, ಕನ್ನಡಿ, ಮಣಿ ಏನೂ ಇಲ್ಲ, ಕೂಸು ಬಾಯಿಗೆ ಹಾಕುತ್ತದೆ. ಗುಂಡುಪಿನ್ 20 ಎಣಿಸಿ ಚುಚ್ಚಿದ್ದೇನೆ, 20 ಎಣಿಸಿಯೇ ತೆಗೆಯುತ್ತೇನೆ.

ದೊಡ್ಡವ್ವ: ಹೊಲಿಗೆ ಒತ್ತಾಗಿ ಹಾಕು. ಸಾಲಿಗೂ ಸಾಲಿಗೂ ಒಂದು ಬೆರಳಿಗಿಂತ ಜಾಸ್ತಿ ಬಿಟ್ಟರೆ ಒಗೆದಾಗ ಒಳಗಿನ ಸೀರೆ ಮುದ್ದೆಯಾಗುತ್ತದೆ.

ಕಾಕಾ: ನನ್ನ ನೀಲಿ ಅಂಗಿಯ ಬಟ್ಟೆ ಉಳಿದಿತ್ತಲ್ಲ, ಅದು ಇದೆಯಾ? ಫೋಟೊದಲ್ಲಿ ಗುರುತು ಸಿಗುತ್ತಿಲ್ಲ.

ನಾನು: ಇದೆ ಕಾಕಾ. ಎಡಗಡೆಯಿಂದ ಮೂರನೇ ಸಾಲು, ಅಜ್ಜಿಯ ಕುಬಸದ ತುಂಡಿನ ಪಕ್ಕ.