ಮೂತ್ರದಲ್ಲಿ ರಕ್ತ, ಮಂದವಾಗುವ ಕಿವಿ: ಆಲ್ಪೋರ್ಟ್ ಬಗ್ಗೆ ಊರಲ್ಲಿ ಹೇಗೆ ಹೇಳೋದು?

ಸಾಗರದ ಟೀಚರ್:
ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮಗನಿಗೆ ಆಲ್ಪೋರ್ಟ್ ಸಿಂಡ್ರೋಮ್ ಇದೆ. ವಂಶದಲ್ಲಿ ಬರುವ ಕಿಡ್ನಿ ಕಾಯಿಲೆ. ನೆಗಡಿ, ಜ್ವರ ಬಂದಾಗಲೆಲ್ಲ ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತಿತ್ತು. ಊರವರು ಉಷ್ಣ ಅಂದರು, ಎಳನೀರು ಕುಡಿಸಿ ಅಂದರು.

ನಮ್ಮಣ್ಣನಿಗೆ ಕಾಲೇಜಿಗೆ ಹೋಗುವಾಗಲೇ ಕಿವಿ ಮಂದವಾಗಿತ್ತು. ಆಮೇಲೆ ಡಯಾಲಿಸಿಸ್. ಕಿವಿಗೆ ಒಬ್ಬರು ಡಾಕ್ಟರು, ಕಿಡ್ನಿಗೆ ಇನ್ನೊಬ್ಬರು. ಎರಡನ್ನೂ ಸೇರಿಸಿ ಯಾರೂ ನೋಡಲಿಲ್ಲ. ಇವೆರಡೂ ಒಂದೇ ಮನೆತನದಲ್ಲಿ ಒಟ್ಟಿಗೆ ಬರುತ್ತವೆ ಅಂತ ಆಲ್ಪೋರ್ಟ್ ಎಂಬ ಡಾಕ್ಟರು 1927ರಲ್ಲೇ ಬರೆದಿದ್ದರಂತೆ! ನಮ್ಮ ಮನೆಗೆ ಆ ಸುದ್ದಿ ಮುಟ್ಟಿದ್ದು ಮಗನ ಜೀನ್ ಪರೀಕ್ಷೆ ಆದಮೇಲೆ.

ಮಾರ್ಚ್ ಎರಡನೇ ಗುರುವಾರ ವಿಶ್ವ ಕಿಡ್ನಿ ದಿನ. ಶಾಲೆಯಲ್ಲಿ 'ನೀರು ಜಾಸ್ತಿ ಕುಡಿಯಿರಿ' ಅಂತ ಭಾಷಣ ಆಗುತ್ತದೆ. ಈ ಸಲ ಬೇರೆ ಏನಾದರೂ ಹೇಳಬೇಕು. ಆದರೆ ಅಕ್ಕನ ಮಗಳಿಗೆ ಗಂಡು ನೋಡುತ್ತಿದ್ದಾರೆ. 'ನೀನು ಬಾಯಿಬಿಟ್ಟರೆ ಸಂಬಂಧ ಕೂಡಿ ಬರೋಲ್ಲ' ಅಂತ ಅಕ್ಕ ಮಾತು ಬಿಟ್ಟಿದ್ದಾಳೆ. ಏನು ಮಾಡಲಿ?

ಲ್ಯಾಬ್ ರಾಘು:
ಮೇಡಂ, ಕಾಯಿಲೆ ಹೆಸರು ಹೇಳಿದರೆ ಮನೆಗೆ ಹೋಗುವಷ್ಟರಲ್ಲಿ ಮರೆಯುತ್ತಾರೆ. ಲಕ್ಷಣ ಹೇಳಿ. ಮೂತ್ರದಲ್ಲಿ ರಕ್ತ, ಜೊತೆಗೆ ಕಿವಿ ಕೇಳಿಸದಿರುವುದು ಅಥವಾ ಸೋದರಮಾವನಿಗೆ ಡಯಾಲಿಸಿಸ್. ಇಷ್ಟು ಸಾಕು. ಎಷ್ಟೋ ಸಲ ರಕ್ತ ಕಣ್ಣಿಗೆ ಕಾಣೋದೇ ಇಲ್ಲ, ಮೂತ್ರಕ್ಕೆ ಅದ್ದುವ ಪಟ್ಟಿಯಲ್ಲಿ ಮಾತ್ರ ಗೊತ್ತಾಗುತ್ತದೆ. ಪಟ್ಟಿ ಅಗ್ಗ. ಆದರೆ ಶಾಲೆಯಲ್ಲಿ ಎಲ್ಲರಿಗೂ ಒಟ್ಟಿಗೆ ಮಾಡಿಸಬೇಡಿ. ಮುಟ್ಟಿನ ದಿನಗಳಲ್ಲಿರುವ ಹುಡುಗಿಯರಿಗೆ ಸುಮ್ನೆ ಪಾಸಿಟಿವ್ ಬರುತ್ತದೆ, ಗಾಬರಿ ಆಗುತ್ತಾರೆ.

ಎಳನೀರಿನ ವಿಷಯ: ಕಿಡ್ನಿ ಸೋತಮೇಲೆ ಅದರ ಪೊಟ್ಯಾಸಿಯಂ ಅಪಾಯ. ಅದನ್ನಂತೂ ಹೇಳಲೇಬೇಕು.

ಹುಬ್ಬಳ್ಳಿ ಅಕ್ಕ:
ನನಗೂ ಇದೇ ಕಾಯಿಲೆ ಇದೆ. 'ನೀವು ಬರೀ ವಾಹಕರು, ಅಂದರೆ ದೋಷವನ್ನು ಮಕ್ಕಳಿಗೆ ದಾಟಿಸುವವರು, ನಿಮಗೆ ಏನೂ ಆಗೋದಿಲ್ಲ' ಅಂತ ವರ್ಷಗಟ್ಟಲೆ ಹೇಳಿದರು. ಈಗ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಬಿಪಿ ಇದೆ. ಎಕ್ಸ್ ಕ್ರೋಮೋಸೋಮಿನಲ್ಲಿ ಬರುವ ಬಗೆಯಲ್ಲಿ ಚಿಕಿತ್ಸೆ ಸಿಗದ ಗಂಡುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರ ಕಿಡ್ನಿ 25 ವರ್ಷದೊಳಗೆ ಸೋಲುತ್ತದೆ. ಹೆಂಗಸರಲ್ಲಿ ಅಷ್ಟಿಲ್ಲ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ನಿಮ್ಮಕ್ಕನಿಗೆ ಒಂದು ಮಾತು ಹೇಳಿ ತಂಗಿ. ಮಗಳಿಗೆ ಇದಿದ್ದರೆ ಬಸಿರಿಗೆ ಮುಂಚೆಯೇ ಗೊತ್ತಿರಬೇಕು. ಈ ಕಾಯಿಲೆಗೆ ಕೊಡುವ ರಾಮಿಪ್ರಿಲ್, ಎನಾಲಾಪ್ರಿಲ್ ಮಾತ್ರೆ ಬಸುರಿಯರಿಗೆ ಆಗೋದಿಲ್ಲ. ಇನ್ನು ನಮ್ಮಲ್ಲಿ ಮಗನಿಗೆ ಕಿಡ್ನಿ ಬೇಕೆಂದರೆ ಮೊದಲು ಮುಂದೆ ಬರುವವಳು ತಾಯಿ, ಅಲ್ವಾ? ಇಲ್ಲಿ ತಾಯಿಯನ್ನೇ ಮೊದಲು ಪರೀಕ್ಷೆ ಮಾಡಬೇಕು. ಅವಳಲ್ಲೂ ಅದೇ ದೋಷ ಇರಬಹುದು.

ಶ್ರವಣ_ಮೈಸೂರು:
ನಾನು ಆಡಿಯಾಲಜಿಸ್ಟ್, ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷೆ ಮಾಡುವ ಕೆಲಸ. ಆಲ್ಪೋರ್ಟಿನಲ್ಲಿ ಮೊದಲು ಕೇಳಿಸದಾಗೋದು ಕೀಚಲು ದನಿ. ಮಾತು ಕೇಳಿಸುತ್ತಿರುತ್ತದೆ, ಹಾಗಾಗಿ ಮನೆಯವರಿಗೆ ಗೊತ್ತಾಗೋದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು 'ಗಮನ ಕೊಡೋಲ್ಲ' ಅಂತ ಬೈಸಿಕೊಳ್ಳುವ ಹುಡುಗರನ್ನು ಟೀಚರುಗಳೇ ಗುರುತಿಸಬೇಕು. ಕಿಡ್ನಿಯ ಸೋಸುವ ಪೊರೆಯಲ್ಲಿರುವ ಟೈಪ್ 4 ಕೊಲಾಜನ್ ಎಂಬ ಪ್ರೋಟೀನೇ ಒಳಕಿವಿಯಲ್ಲೂ ಕಣ್ಣಿನಲ್ಲೂ ಇರುತ್ತದೆ. ನೀವು ವಿಜ್ಞಾನದ ಟೀಚರ್, ಒಂದು ಚಿತ್ರ ಬರೆದರೆ ಮಕ್ಕಳಿಗೆ ಅರ್ಥವಾಗುತ್ತದೆ.

ಸೋದರಮಾವನಿಗೇ ಹೆಣ್ಣು ಕೊಡುವ ಮನೆಗಳಿಗೆ ಇದು ಇನ್ನೂ ಮುಖ್ಯ. ರಕ್ತಸಂಬಂಧದಲ್ಲಿ ಮದುವೆಯಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಬರುವ ಬಗೆಯ ಆಲ್ಪೋರ್ಟ್ ಸಾಧ್ಯತೆ ಜಾಸ್ತಿ. ಅದರಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಜೋರಾಗಿ ಬರುತ್ತದೆ.

ಸಾಗರದ ಟೀಚರ್:
ಎಲ್ಲರಿಗೂ ವಂದನೆ. ಪಟ್ಟಿ ಪರೀಕ್ಷೆ ಕೈಬಿಟ್ಟೆ. ಜೀವಶಾಸ್ತ್ರದ ವಂಶವಾಹಿ ಪಾಠ ಹೇಗೂ ಇದೆ. ಬಣ್ಣಗುರುಡಿನ ಬದಲು ಆಲ್ಪೋರ್ಟ್ ಇಟ್ಟು ವಂಶವೃಕ್ಷ ಬರೆಸುತ್ತೇನೆ. ಯಾರ ಮನೆಯದು ಅಂತ ಯಾರೂ ಕೇಳೋದಿಲ್ಲ. ಪೋಷಕರ ಸಭೆಯಲ್ಲಿ ರಾಘು ಅವರು ಹೇಳಿದ ಮೂರು ಲಕ್ಷಣ, ಎಳನೀರಿನ ಮಾತು, ಅಷ್ಟೇ. ಹುಬ್ಬಳ್ಳಿ ಅಕ್ಕ, ನೀವು ಬರೆದಿದ್ದನ್ನು ನಮ್ಮಕ್ಕನ ವಾಟ್ಸಾಪಿಗೆ ಹಾಕಿದ್ದೇನೆ. ಓದಿದ್ದಾಳೆ, ಉತ್ತರ ಬಂದಿಲ್ಲ. ಆದರೆ ಅವಳ ಮಗಳು ಫೋನ್ ಮಾಡಿ, ಮೂತ್ರ ಪರೀಕ್ಷೆಗೆ ಬೆಳಗಿನ ಸ್ಯಾಂಪಲ್ಲೇ ಬೇಕಾ ಅಂತ ಕೇಳಿದಳು.

ಲ್ಯಾಬ್ ರಾಘು:
ಬೆಳಗಿನದೇ ಒಳ್ಳೇದು. ರಕ್ತದ ಜೊತೆ ಅಲ್ಬುಮಿನ್ ಎಂಬ ಪ್ರೋಟೀನ್ ಕೂಡ ನೋಡಿಸಲು ಹೇಳಿ.