ಏಪ್ರಿಲ್‌ನಲ್ಲಿ ಬಂದದ್ದು ಇನ್‌ಕ್ರಿಮೆಂಟಾ, ಬರೀ ಡಿಎನಾ?

ಕೆಂಗೇರಿ ಹುಡುಗ:
ನನ್ನ ಅಮ್ಮ ಹನ್ನೊಂದು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮೈಸೂರು ರಸ್ತೆ ಕಡೆ, ಫ್ಯಾಕ್ಟರಿ ಹೆಸರು ಬೇಡ. ಮೊನ್ನೆ ಸಂಬಳದ ದಿನ ಸೂಪರ್‌ವೈಸರ್ "ಎಲ್ಲರಿಗೂ ಇನ್‌ಕ್ರಿಮೆಂಟ್ ಹಾಕಿದ್ದೀವಿ, ಇನ್ನು ಟಾರ್ಗೆಟ್ ಕೊಡಿ" ಎಂದನಂತೆ. ಅಮ್ಮ ಬರುವಾಗ ಕಾಲು ಕೆಜಿ ಮೈಸೂರು ಪಾಕ್ ತಂದಳು. ನಾನು ಸ್ಲಿಪ್ ನೋಡಿದೆ. ಬೇಸಿಕ್ ಒಂದು ರೂಪಾಯಿ ಕೂಡ ಏರಿಲ್ಲ. ವಿಡಿಎ ಅನ್ನುವ ಸಾಲು ಮಾತ್ರ ಜಾಸ್ತಿ ಆಗಿದೆ. ಪಕ್ಕದ ಮನೆ ಅಕ್ಕ ಅಲ್ಲೇ ಹೆಲ್ಪರ್, ಸೇರಿ ಒಂದೂವರೆ ವರ್ಷ. ಅವರಿಗೂ ಅಷ್ಟೇ ಏರಿದೆ, ಪೈಸೆ ಸಮೇತ. ಇದು ಹೇಗೆ? ಅಮ್ಮನಿಗೆ ಹೇಳಲಾ, ಬೇಡವಾ?

ಲೆಕ್ಕದ ಮೇಜು:
ನಾನು ಇಂಥದ್ದೇ ಒಂದು ಕಡೆ ಸಂಬಳದ ಲೆಕ್ಕ ನೋಡುತ್ತೇನೆ. ನೀವು ಹಿಡಿದದ್ದು ಸರಿ. ಅದು ಇನ್‌ಕ್ರಿಮೆಂಟ್ ಅಲ್ಲ, ತುಟ್ಟಿಭತ್ಯೆ, ಅಂದರೆ ಡಿಎ. ಸ್ಲಿಪ್‌ನಲ್ಲಿ ವಿಡಿಎ ಅಂತ ಇರುವುದೂ ಇದೇ. ಹಿಂದಿನ ವರ್ಷದ ಬೆಲೆ ಸೂಚ್ಯಂಕದ ಸರಾಸರಿ ತೆಗೆದು, ಪಾಯಿಂಟಿಗೆ ಇಷ್ಟು ಪೈಸೆ ಅಂತ ಲೆಕ್ಕ ಹಾಕಿ, ಏಪ್ರಿಲ್ 1ರಿಂದ ಕೊಡಬೇಕು. ಮಾಲೀಕರ ದೊಡ್ಡ ಮನಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಕೊಡದಿದ್ದರೆ ಕಾನೂನು ಮುರಿದ ಹಾಗೆ.

ಪೈಸೆ ಎಲ್ಲರಿಗೂ ಒಂದೇ. ಅದಕ್ಕೇ ಹೆಲ್ಪರಿಗೂ ಟೈಲರಿಗೂ ಒಂದೇ ಮೊತ್ತ. ಬೇಸಿಕ್‌ನಲ್ಲಿ ಅವರಿಬ್ಬರ ನಡುವೆ ಇರುವ ಅಂತರ ಮೊದಲೇ ಚಿಕ್ಕದು. ಪ್ರತಿ ವರ್ಷ ಇಬ್ಬರಿಗೂ ಸಮನಾಗಿ ಸೇರುತ್ತಾ ಹೋದರೆ ಆ ಅಂತರ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಕಾಲರ್ ಕೂರಿಸುವ ಕೈಗೂ ದಾರ ಕತ್ತರಿಸುವ ಕೈಗೂ ಹತ್ತಿರ ಹತ್ತಿರ ಒಂದೇ ಸಂಬಳ. ಇದನ್ನು ಯಾರೂ ಮಾತಾಡುವುದಿಲ್ಲ.

ಮದ್ದೂರಿನವಳು:
ದುಡ್ಡು ಬರುವುದೂ ತಡ ಅಲ್ವಾ? 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಆ ಏರಿಕೆ ಲೆಕ್ಕಕ್ಕೆ ಬಂದು ನಮ್ಮ ಕೈ ಸೇರುವುದು 2026ರ ಏಪ್ರಿಲ್ ಸಂಬಳದಲ್ಲಿ. ಒಂದು ವರ್ಷ ನಾವೇ ಕೈಯಿಂದ ಹಾಕಬೇಕು. ಹಾಲಿನವನು ಏಪ್ರಿಲ್ ತನಕ ಕಾಯುತ್ತಾನಾ?

ಸಿಲ್ಕ್‌ಬೋರ್ಡ್ ಸಿಗ್ನಲ್:
ಯಾಕೆ ಇಷ್ಟು ಗೋಳು? 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಫ್ರೀ. ಗೃಹಲಕ್ಷ್ಮಿ 2,000. ಅಕ್ಕಿ ಬೇರೆ. ಇದನ್ನೆಲ್ಲ ಸೇರಿಸಿ ನೋಡಿ. ಐಟಿಯಲ್ಲಿ ನಮಗೆ ಎರಡು ವರ್ಷದಿಂದ ಹೈಕ್ ಇಲ್ಲ, ಡಿಎ ಅನ್ನುವ ಸಾಲೇ ಇಲ್ಲ. ಮೆಟ್ರೋ ಗರಿಷ್ಠ ದರ 60 ಇದ್ದದ್ದು 90 ಆಯಿತು. ನಾವು ಯಾರಿಗೆ ಹೇಳೋಣ?

ಹಳೇ ಪೀಣ್ಯ:
ಸಿಗ್ನಲ್ ಅವರೇ, ನಿಮ್ಮ ಕಷ್ಟ ಸುಳ್ಳು ಅನ್ನುವುದಿಲ್ಲ. ಆದರೆ ಆ 2,000 ಸರ್ಕಾರದ ದುಡ್ಡು, ಅಂದರೆ ನಿಮ್ಮ ತೆರಿಗೆ. ಅದನ್ನು ಸಂಬಳಕ್ಕೆ ಸೇರಿಸಿ ನೋಡಿ ಅಂದರೆ, ಫ್ಯಾಕ್ಟರಿ ಕೊಡಬೇಕಾದ್ದನ್ನು ನೀವು ಕೊಡುತ್ತಿದ್ದೀರಿ ಅಂತ ಒಪ್ಪಿದ ಹಾಗೆ. ಅದಕ್ಕೆ ನೀವೇ ಮೊದಲು ಜಗಳಕ್ಕೆ ನಿಲ್ಲಬೇಕು.

ಇನ್ನು ಈ ಡಿಎ ಸುಮ್ನೆ ಬಂದು ಬೀಳುತ್ತದೆ ಅಂತ ಯಾರೂ ತಿಳಿಯಬೇಡಿ. 2020ರಲ್ಲಿ ಕೋವಿಡ್ ನೆಪದಲ್ಲಿ ಸರ್ಕಾರವೇ ಆ ವರ್ಷದ ಡಿಎಯನ್ನು ಮುಂದೂಡಿತ್ತು. ತಿಂಗಳಿಗೆ 417 ರೂಪಾಯಿ 60 ಪೈಸೆ. 26 ದಿನಕ್ಕೆ ಹಂಚಿದರೆ ದಿನಕ್ಕೆ 16 ರೂಪಾಯಿ. ಯೂನಿಯನ್‌ನವರು ಹೈಕೋರ್ಟಿಗೆ ಹೋದರು, ಸೆಪ್ಟೆಂಬರ್‌ನಲ್ಲಿ ತಡೆ ಸಿಕ್ಕಿತು. ಆದರೂ ಎಷ್ಟೋ ಫ್ಯಾಕ್ಟರಿಗಳು ಕೊಡಲೇ ಇಲ್ಲ. ಹೊರದೇಶದ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರ ಹೊತ್ತಿಗೆ ಬಾಕಿ ಕೈಗೆ ಬರಲು ಶುರುವಾಯಿತು. ದಿನಕ್ಕೆ ಎರಡು ಟೀ ದುಡ್ಡಿಗೆ ಎರಡು ವರ್ಷ!

ಜಾಬ್‌ವರ್ಕ್ ಯೂನಿಟ್:
ಈ ಕಡೆಯದ್ದೂ ಸ್ವಲ್ಪ ಕೇಳಿ. ನನ್ನದು 40 ಮಷೀನ್ ಇರುವ ಚಿಕ್ಕ ಶೆಡ್. ದೊಡ್ಡವರಿಂದ ಕಟಿಂಗ್ ತಂದು ಹೊಲಿದು ಕೊಡುತ್ತೇನೆ. ಪೀಸ್ ರೇಟ್ ನಾನು ಹೇಳುವುದಲ್ಲ, ಅವರು ಹೇಳುವುದು. ಡಿಎ ಏರಿತು ಅಂತ ರೇಟ್ ಏರಿಸಿ ಅಂದರೆ "ಬೇರೆ ಶೆಡ್ ಇದೆ" ಅನ್ನುತ್ತಾರೆ. 2025ರ ಆಗಸ್ಟ್ 27ಕ್ಕೆ ಅಮೆರಿಕ 50% ಸುಂಕ ಹಾಕಿದಾಗ ನನ್ನ ಹತ್ತು ಮಷೀನ್‌ಗೆ ಬಟ್ಟೆ ಮುಚ್ಚಿಟ್ಟಿದ್ದೆ. ಸಂಬಳ ಏರಿಸಿ ಅನ್ನುವುದು ಸುಲಭ. ಆರ್ಡರ್ ಯಾರು ತರುತ್ತಾರೆ?

ಮದ್ದೂರಿನವಳು:
ಅಣ್ಣ, ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಸುಂಕ ಇಲ್ಲದ ವರ್ಷಗಳಲ್ಲಿ ಎಷ್ಟು ಏರಿಸಿದಿರಿ?

ಜಾಬ್‌ವರ್ಕ್ ಯೂನಿಟ್:
ಡಿಎ ಕೊಟ್ಟಿದ್ದೇನೆ. ಅದಕ್ಕಿಂತ ಜಾಸ್ತಿ ಇಲ್ಲ. ಸುಳ್ಳು ಯಾಕೆ ಹೇಳಲಿ.

ಸಿಲ್ಕ್‌ಬೋರ್ಡ್ ಸಿಗ್ನಲ್:
ಹಾಗಾದರೆ ಎಷ್ಟು ಕೊಟ್ಟರೆ ಸಾಕು? ಅದಕ್ಕೂ ಒಂದು ಲೆಕ್ಕ ಬೇಡವಾ? ಬಾಯಿಗೆ ಬಂದ ನಂಬರ್ ಹೇಳಿದರೆ ಆಗುತ್ತದಾ?

ಲೆಕ್ಕದ ಮೇಜು:
ಲೆಕ್ಕ ಇದೆ ಸಾರ್, 1957ರಿಂದ ಇದೆ. ಭಾರತೀಯ ಕಾರ್ಮಿಕ ಸಮ್ಮೇಳನದ 15ನೇ ಅಧಿವೇಶನದಲ್ಲಿ ಒಪ್ಪಿದ್ದು. ದುಡಿಯುವವರು ಒಬ್ಬರು, ಉಣ್ಣುವವರು ಮೂರು ಘಟಕ. ತಲೆಗೆ 2,700 ಕ್ಯಾಲೊರಿ ಊಟ, ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಸೌದೆ ದೀಪಕ್ಕೆ 20%. ಆಮೇಲೆ ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಕೇಸಿನಲ್ಲಿ ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪು ಇವಕ್ಕೆ ಇನ್ನೂ 25% ಸೇರಿಸಿ ಎಂದಿತು. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಕನಿಷ್ಠ ವೇತನದ ಕರಡು ಹೊರಡಿಸಿತಲ್ಲ, ಬೆಂಗಳೂರಿನಲ್ಲಿ ಕೌಶಲ ಬೇಡದ ಕೆಲಸಕ್ಕೂ 23 ಸಾವಿರದ ಮೇಲೆ ಅಂತ, ಅದು ಈ ದಾರಿಯ ಲೆಕ್ಕ. ಮಾಲೀಕರ ಸಂಘಗಳು ಹೌಹಾರಿದವು.

ಆ ಮೂರು ಘಟಕವನ್ನು ಹೇಗೆ ಹಂಚುತ್ತಾರೆ ಗೊತ್ತಾ? ಗಂಡ 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಈ 0.8 ಅವರೇ! ಅತ್ತೆ ಮಾವ ಲೆಕ್ಕದಲ್ಲೇ ಇಲ್ಲ.

ಮದ್ದೂರಿನವಳು:
72 ಗಜ ಬಟ್ಟೆಯಾ? ನಮ್ಮ ಲೈನ್ ಅಷ್ಟನ್ನು ಬೆಳಗಿನ ಟೀಗೆ ಮುಂಚೆ ಹೊಲಿದು ಬಿಸಾಕುತ್ತದೆ.

ಹಳೇ ಪೀಣ್ಯ:
ಸಂಬಳ ಏರಿದರೂ ಒಂದು ಗುಂಡಿ ಇದೆ, ಕಾರ್ಮಿಕರ ಆಸ್ಪತ್ರೆ ಖರ್ಚು ನೋಡುವ ವಿಮೆ, ಇಎಸ್‌ಐ. ಲೆಕ್ಕದವರೇ, ನೀವೇ ಹೇಳಿ.

ಲೆಕ್ಕದ ಮೇಜು:
ಹೌದು. ಇಎಸ್‌ಐ ಮಿತಿ 21,000. ಅದು 2017ರ ಜನವರಿಯಿಂದ ಜಾರಿಯಾದ ಮಿತಿ. ಸಂಬಳ ಅದನ್ನು ದಾಟಿದರೆ, ಆ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಹೊರಗೆ. ಓಟಿ ಮಾತ್ರ ಈ ಮಿತಿಗೆ ಸೇರಲ್ಲ. ಈಗ ಕರಡಿನ ಮೊತ್ತ ಬಂತು ಅಂತ ಇಟ್ಟುಕೊಳ್ಳಿ, ಮಿತಿ ಏರಿಸದಿದ್ದರೆ ಸಂಬಳ ಏರಿದ ಖುಷಿಯಲ್ಲಿ ಆಸ್ಪತ್ರೆ ಕಳೆದುಕೊಳ್ಳುತ್ತಾರೆ. ಹೆರಿಗೆ ರಜೆಯ ದುಡ್ಡೂ ಇಎಸ್‌ಐನಿಂದ ಬರುವುದು. ಆಮೇಲೆ ಅದು ಫ್ಯಾಕ್ಟರಿ ತಲೆ ಮೇಲೆ. ಬಸುರಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾರಾ, ಹೇಳಿ.

ಕೆಂಗೇರಿ ಹುಡುಗ:
ಇದೆಲ್ಲ ಸರಿ. ಆದರೆ ಅಮ್ಮನ ಭಯ ಬೇರೆ. ಅವರ ಯೂನಿಟ್ ಹಾಸನದ ಕಡೆ ಶಿಫ್ಟ್ ಆಗುತ್ತದೆ ಅಂತ ಸುದ್ದಿ. ಹನ್ನೊಂದು ವರ್ಷ ಆಗಿದೆ, ಗ್ರಾಚ್ಯುಟಿ ಸಿಗುತ್ತದಾ?

ಲೆಕ್ಕದ ಮೇಜು:
ಐದು ವರ್ಷ ಎಡೆಬಿಡದೆ ಇದ್ದರೆ ಸಿಗಲೇಬೇಕು. ಬೇಸಿಕ್ ಮತ್ತು ಡಿಎ ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷವೋ ಅದರಿಂದ ಗುಣಿಸಿ. 14,000 ಅಂದುಕೊಂಡರೆ ಹನ್ನೊಂದು ವರ್ಷಕ್ಕೆ 88 ಸಾವಿರ ಚಿಲ್ಲರೆ. ಆದರೆ ಒಂದು ಕೇಳಿ: ಮಧ್ಯದಲ್ಲಿ ಟೋಕನ್ ನಂಬರ್, ಅಂದರೆ ಫ್ಯಾಕ್ಟರಿ ಕೊಟ್ಟ ನೌಕರಿ ನಂಬರ್, ಬದಲಾಗಿದೆಯಾ?

ಕೆಂಗೇರಿ ಹುಡುಗ:
ಕೇಳಿದೆ. ಒಂದು ಸಲ ಬದಲಾಗಿದೆಯಂತೆ. ಮೂರು ವರ್ಷದ ಹಿಂದೆ.

ಹಳೇ ಪೀಣ್ಯ:
ಅಯ್ಯೋ. ಹಳೇ ಆಟ. ರಾಜೀನಾಮೆ ಬರೆಸಿಕೊಳ್ಳುವುದು, ಪಿಎಫ್ ತೆಗೆಸಿಕೊಡುವುದು, ಸ್ವಲ್ಪ ದಿನ ಬಿಟ್ಟು ಹೊಸ ಟೋಕನ್ ಕೊಟ್ಟು ಸೇರಿಸಿಕೊಳ್ಳುವುದು. ಆಗ ಗ್ರಾಚ್ಯುಟಿ ಕೊಟ್ಟಿದ್ದರೆ ಸರಿ. ಕೊಟ್ಟಿಲ್ಲ ಅಂದರೆ ಆ ಎಂಟು ವರ್ಷದ ಕಾಗದ ಹುಡುಕಿ. ಹಳೇ ಸ್ಲಿಪ್, ಪಿಎಫ್ ಪಾಸ್‌ಬುಕ್, ಐಡಿ ಕಾರ್ಡ್, ಯಾವುದನ್ನೂ ಬಿಸಾಡಬೇಡಿ. ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಬಹುದು, ಅಲೆದಾಟ ಮಾತ್ರ ಇದೆ.

ಬರೆದುಕೊಟ್ಟದ್ದಕ್ಕೆ ಅಮ್ಮನನ್ನು ಬೈಯಬೇಡಿ. ಪಿಎಫ್ ಬಿಟ್ಟರೆ ಆ ಹೆಂಗಸರ ಕೈಯಲ್ಲಿ ಗಂಟು ಅಂತ ಬೇರೆ ಏನಿದೆ? ಫೀಸು, ಮದುವೆ, ಸಂಘದ ಸಾಲ, ಎಲ್ಲಕ್ಕೂ ಅದೇ. 2016ರ ಏಪ್ರಿಲ್ 18, 19ರಂದು ಹೊಸೂರು ರಸ್ತೆ, ತುಮಕೂರು ರಸ್ತೆ ನಿಂತದ್ದು ಅದಕ್ಕೇ. ಮಾಲೀಕರ ಪಾಲಿನ ಪಿಎಫ್ 58 ವಯಸ್ಸಿನ ತನಕ ಮುಟ್ಟುವಂತಿಲ್ಲ ಅಂತ ದೆಹಲಿಯಲ್ಲಿ ರೂಲ್ ಮಾಡಿದ್ದರು. ಮೆಷೀನ್ ಬಿಟ್ಟು ರಸ್ತೆಗೆ ಬಂದ ಹೆಂಗಸರು ಎರಡೇ ದಿನದಲ್ಲಿ ಅದನ್ನು ವಾಪಸ್ ತೆಗೆಸಿದರು. 58ರ ತನಕ ಕೆಲಸದಲ್ಲಿ ಇಟ್ಟುಕೊಳ್ಳುವವರು ಯಾರು ಅಂತ ಅವರಿಗೆ ಗೊತ್ತಿತ್ತು.

ಸಿಲ್ಕ್‌ಬೋರ್ಡ್ ಸಿಗ್ನಲ್:
ಆವತ್ತು ನಾನು ಟ್ರಾಫಿಕ್‌ನಲ್ಲಿ ನಾಲ್ಕು ಗಂಟೆ ಸಿಕ್ಕಿಹಾಕಿಕೊಂಡು ಬೈದಿದ್ದೆ. ಯಾತಕ್ಕೆ ಅಂತ ಈಗ ತಿಳಿಯಿತು.

ಜಾಬ್‌ವರ್ಕ್ ಯೂನಿಟ್:
2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆಯಲ್ಲ. ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ.

ಹಳೇ ಪೀಣ್ಯ:
ನಿಗದಿತ ಅವಧಿ ಅಂದರೆ ಅವಧಿ ಮುಗಿದ ದಿನ ಮನೆಗೆ ಹೋಗಿ ಅಂತ. ಹದಿನೈದು ದಿನದ ದುಡ್ಡು ಕೊಟ್ಟು ಕೆಲಸ ಕಿತ್ತುಕೊಂಡರೆ ಅದು ಭದ್ರತೆನಾ?

ಮದ್ದೂರಿನವಳು:
ನಾನು ಇದೇ ಥರ ಊರಿಗೆ ಬಂದ ಯೂನಿಟ್‌ನಲ್ಲಿ ಇದ್ದೀನಿ. ಸಂಬಳ ಬೆಂಗಳೂರಿಗಿಂತ ಕಮ್ಮಿ, ಕನಿಷ್ಠ ವೇತನದ ವಲಯ ಬೇರೆ ಅಂತಾರೆ. ಬಾಡಿಗೆ ಇಲ್ಲ, ಸಂಜೆ ಹಸು ನೋಡಿಕೊಳ್ಳಬಹುದು. ನನಗೆ ಇದೇ ಸರಿ. ಇದೂ ಎತ್ತಿಕೊಂಡು ಹೋದರೆ ಸುತ್ತಮುತ್ತ ಇನ್ನೊಂದು ಫ್ಯಾಕ್ಟರಿ ಇಲ್ಲ, ಅಷ್ಟೇ ಚಿಂತೆ.

ಕೆಂಗೇರಿ ಹುಡುಗ:
ಅಮ್ಮನಿಗೆ ಎಲ್ಲ ಓದಿ ಹೇಳಿದೆ. "ಡಿಎ ಅಂತ ಗೊತ್ತು ಕಣೋ, ಹನ್ನೊಂದು ಏಪ್ರಿಲ್ ನೋಡಿದ್ದೀನಿ" ಎಂದಳು. ಮೈಸೂರು ಪಾಕ್ ತಂದದ್ದು ಚೀಟಿ ಎತ್ತಿದ್ದಕ್ಕಂತೆ! ಲೆಕ್ಕದವರನ್ನು ಒಂದು ಮಾತು ಕೇಳು ಎಂದಳು. ಗಂಟೆಗೆ 80 ಇದ್ದ ಟಾರ್ಗೆಟ್ ಈ ತಿಂಗಳು 90 ಆಗಿದೆ. ಆ ಹತ್ತು ಪೀಸಿನ ದುಡ್ಡು ಸ್ಲಿಪ್‌ನಲ್ಲಿ ಯಾವ ಸಾಲಿನಲ್ಲಿ ಬರುತ್ತದೆ?

ಲೆಕ್ಕದ ಮೇಜು:
ಅಂಥ ಸಾಲು ನಾನು ಇದುವರೆಗೆ ಹಾಕಿಲ್ಲ ಅಂತ ಹೇಳಿ.

ಮದ್ದೂರಿನವಳು:
ನಮ್ಮಲ್ಲಿ 85. ಅಮ್ಮನದು ಶರ್ಟಾ, ಪ್ಯಾಂಟಾ?