ರ‍್ಯಾಮ್ ಕೈಕೊಟ್ಟಾಗ: ರಿಪೇರಿಯವರಿಗೆ ಪ್ರಶ್ನೆಗಳು

ರಿಪೇರಿಯವರು: ದಾವಣಗೆರೆಯಲ್ಲಿ 16 ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡ್ತಾ ಬಂದೀನಿ. ರ‍್ಯಾಮ್ ಅಂದ್ರೆ ಕೆಲಸ ನಡೆಯೋವಾಗ ಕಂಪ್ಯೂಟರ್ ಮಾಹಿತಿ ಇಟ್ಕೊಳ್ಳೋ ಮೆಮೊರಿ, ಅದರ ಬಗ್ಗೆ ಏನಿದ್ರೂ ಕೇಳಿ, ಅಂಗಡಿ ಬಾಗಿಲು ಹಾಕೋವರೆಗೂ ಇರ್ತೀನಿ.

ವಿದ್ಯಾನಗರ: ಸರ್, ಎಎಂಡಿಯ ರೈಜನ್ 5 7600 ಪ್ರೊಸೆಸರ್ ಹಾಕಿ ಹೊಸ ಸಿಸ್ಟಮ್ ಕಟ್ಟಿಸ್ತಿದ್ದೀನಿ. ಹಳೇದರ ಡಿಡಿಆರ್4 ರ‍್ಯಾಮ್ ಅದಕ್ಕೇ ಬರುತ್ತಾ?

ರಿಪೇರಿಯವರು: ಬರಲ್ಲ. ಆ ಪ್ರೊಸೆಸರ್ ಕೂರೋ ಎಎಂ5 ಬೋರ್ಡಿಗೆ ಹೊಸ ಪೀಳಿಗೆಯ ಡಿಡಿಆರ್5 ಮಾತ್ರ. ಎರಡಕ್ಕೂ 288 ಪಿನ್ನೇ, ಆದ್ರೆ ನಡುವಿನ ಕಚ್ಚು ಬೇರೆ ಜಾಗದಲ್ಲಿರುತ್ತೆ. ಒತ್ತಿ ಕೂರಿಸೋಕೆ ಹೋದ್ರೆ ಸ್ಲಾಟ್ ಮುರಿಯುತ್ತೆ. 16 ಜಿಬಿಯ ಎರಡರ ಕಿಟ್, ವೇಗ 6000, ಸಿಎಲ್30 (ಉತ್ತರಿಸೋ ತಡ), ಎಎಂಡಿಯ ರೆಡಿ ವೇಗದ ಸೆಟ್ಟಿಂಗ್ ಎಕ್ಸ್‌ಪೋ ಇರೋದು ತಗೊಳ್ಳಿ. ಪ್ರೊಸೆಸರ್ ಕಡೆಯಿಂದ ಎರಡನೇ, ನಾಲ್ಕನೇ ಸ್ಲಾಟಿಗೆ ಹಾಕಿ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಗೇ ಇರುತ್ತೆ. ಗಾಬರಿಯಾಗಿ ಕರೆಂಟ್ ತೆಗೀಬೇಡಿ.

ಪಿ.ಜೆ. ಬಡಾವಣೆ, ಫೋಟೊ ಸ್ಟುಡಿಯೊ: ಕಾರ್ಡಿಂದ ಕಾಪಿ ಮಾಡಿದ ಮದುವೆ ಫೋಟೊಗಳಲ್ಲಿ ಕೆಲವು ಅರ್ಧಕ್ಕೆ ಬೂದಿ ಬಣ್ಣ ಆಗ್ತಾವೆ. ಬೆಳಿಗ್ಗೆ ಸರಿ ಇರ್ತೈತಿ, ಮಧ್ಯಾಹ್ನದ ಮೇಲೆ ಜಾಸ್ತಿ. ಹಾರ್ಡ್ ಡಿಸ್ಕ್ ಬದಲಿಸಿದೆ, ಹಂಗೇ ಐತಿ. ಹೋದ ತಿಂಗಳು 8 ಜಿಬಿ ಡಿಡಿಆರ್4 ಇನ್ನೊಂದು ಹಾಕಿಸಿದ್ದೆ.

ರಿಪೇರಿಯವರು: ಮೊದಲು ಇದು ಕೇಳಿ: ಕಾಪಿ ಆಯ್ತು ಅಂತ ಯಾವ ಕಾರ್ಡನ್ನೂ ಫಾರ್ಮ್ಯಾಟ್ ಮಾಡಬೇಡಿ. ಆ ಸಿಸ್ಟಮ್ಮಲ್ಲಿ ಬ್ಯಾಕಪ್ಪೂ ಬೇಡ. ಫೈಲು ರ‍್ಯಾಮ್ ಹಾದೇ ಡಿಸ್ಕಿಗೆ ಹೋಗೋದು. ಅಲ್ಲಿ ಒಂದು ಬಿಟ್ (0 ಅಥವಾ 1) ತಿರುಗಿ ಇನ್ನೊಂದಾದ್ರೆ ಡಿಸ್ಕ್ ಆ ತಪ್ಪನ್ನೇ ನಿಯತ್ತಾಗಿ ಬರ್ಕೊಳ್ಳುತ್ತೆ, ಒಂದು ಎಚ್ಚರಿಕೇನೂ ಬರಲ್ಲ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ಮತ ಎಣಿಸುವಾಗ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4096 ಮತ ಹೆಚ್ಚು ಬಂದಿದ್ವು. ಹನ್ನೆರಡು ಎರಡುಗಳನ್ನ ಒಂದಕ್ಕೊಂದು ಗುಣಿಸಿದ್ರೆ ಅದೇ ಸಂಖ್ಯೆ, ಒಂದು ಬಿಟ್ಟಿನ ಬೆಲೆ. ಒಂದೇ ಬಿಟ್ ತಿರುಗಿರ್ಬೇಕು ಅಂತ ತೀರ್ಮಾನ ಆಯ್ತು.

ಮಧ್ಯಾಹ್ನದ ಮಾತಿಗೆ ಬರ್ತೀನಿ. ರ‍್ಯಾಮಿನ ಕೋಶಗಳಲ್ಲಿ ವಿದ್ಯುತ್ ಸೋರ್ತಾನೇ ಇರುತ್ತೆ, ಡಿಡಿಆರ್4ರಲ್ಲಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು. ಬಿಸಿ ಏರಿದಷ್ಟೂ ಸೋರೋದು ಜಾಸ್ತಿ. ದುರ್ಬಲ ಕೋಶ ತುಂಬೋ ಮೊದಲೇ ಬರಿದಾಗುತ್ತೆ. ನಮ್ಮೂರ ಬಿಸಿಲಲ್ಲಿ ಇದು ಎದ್ದು ಕಾಣುತ್ತೆ.

ಈಗಲೇ ಆಫ್ ಮಾಡಿ. ಬೇರೆ ಕಂಪ್ಯೂಟರಲ್ಲಿ ರ‍್ಯಾಮ್ ಪರೀಕ್ಷೆ ಮಾಡೋ ತಂತ್ರಾಂಶ ಮೆಮ್‌ಟೆಸ್ಟ್86+ ಅನ್ನ ಪೆನ್‌ಡ್ರೈವಿಗೆ ಹಾಕ್ಕೊಂಡು, ನಿಮ್ಮ ಸಿಸ್ಟಮ್ಮನ್ನ ಅದರಿಂದ ಶುರುಮಾಡಿ, ಒಂದೊಂದೇ ರ‍್ಯಾಮನ್ನ ಒಂದೇ ಸ್ಲಾಟಲ್ಲಿಟ್ಟು ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ತಪ್ಪು ಕೆಂಪಗೆ ಬಂದ್ರೂ ಅದು ಕೆಲಸಕ್ಕಿಲ್ಲ. ಒಂಟಿಯಾಗಿ ಎರಡೂ ಪಾಸಾಗಿ ಜೋಡೀಲಿ ಫೇಲಾದ್ರೆ, ರ‍್ಯಾಮಿನ ವೇಗ ಹೆಚ್ಚಿಸೋ ಸೆಟ್ಟಿಂಗ್ ಎಕ್ಸ್‌ಎಂಪಿ ಆಫ್ ಮಾಡಿ ಇನ್ನೊಮ್ಮೆ ನೋಡಿ. ಬೇರೆ ಬೇರೆ ರ‍್ಯಾಮ್ ಬೆರೆಸಿದ್ದೇ ಕಾರಣ ಇರಬಹುದು.

ನಿಟ್ಟುವಳ್ಳಿ: ಒಂದು ಫಾರ್ವರ್ಡ್ ಬಂದೈತಿ: ರ‍್ಯಾಮಿನ ಪಿನ್ನನ್ನ ಪೆಟ್ರೋಲಲ್ಲಿ ಅದ್ದಿ ಸ್ಯಾಂಡ್‌ಪೇಪರಲ್ಲಿ ಉಜ್ಜಿದ್ರೆ ಹೊಸದರ ಹಂಗಾಗ್ತೈತಂತೆ. ನಿಜಾನಾ?

ರಿಪೇರಿಯವರು: ಮಾಡಬೇಡಿ. ಉಜ್ಜಿದ್ರೆ ತೆಳು ಚಿನ್ನದ ಲೇಪ ಹೋಗಿ ಒಳಗಿನ ತಾಮ್ರಕ್ಕೆ ಕಿಲುಬು ಹಿಡಿಯುತ್ತೆ. ಪೆಟ್ರೋಲ್ ಅಂದ್ರೆ ಬೆಂಕಿ. ಕೊಳೆ ಇದ್ರೆ ಐಸೊಪ್ರೊಪೈಲ್ ಆಲ್ಕೊಹಾಲ್, ಮೆತ್ತನೆ ಬಟ್ಟೆ, ಅಷ್ಟೇ. ಇಂಥದ್ದು ಓದಿ ಕೆಡಿಸ್ಕೊಂಡು ತಂದ ರ‍್ಯಾಮ್ ಡಬ್ಬಿ ತುಂಬ ಬಿದ್ದಾವೆ. ಕೈ ಮುಗೀತೀನಿ, ಮುಂದಕ್ಕೆ ಕಳಿಸಬೇಡಿ.

ಹರಿಹರ: ನಾನು ಪೆನ್ಸಿಲ್ ರಬ್ಬರಲ್ಲೇ ಉಜ್ಜೋದು. ಹತ್ತು ವರ್ಷದಿಂದ ಕೆಲಸ ಕೊಟ್ಟೈತಿ.

ಚಿತ್ರದುರ್ಗ: ಕೆಲಸ ಕೊಟ್ಟಿದ್ದು ರಬ್ಬರ್ ಅಲ್ಲ, ತೆಗೆದು ಮತ್ತೆ ಕೂರಿಸಿದ್ದು. ಡಿಡಿಆರ್5 ತಗೊಂಡ್ರೆ ಈ ತಾಪತ್ರಯನೇ ಇಲ್ಲ. ಒಳಗೇ ಇಸಿಸಿ (ತಪ್ಪು ಹಿಡಿದು ತಿದ್ದೋ ಏರ್ಪಾಡು) ಇರುತ್ತೆ, ತಪ್ಪೇ ಆಗಲ್ಲ.

ಹರಿಹರ: ಅರ್ಧ ತಿಳ್ಕೊಂಡು ಹೇಳ್ಬೇಡ್ರಿ. ಅದು ಚಿಪ್ಪಿನ ಒಳಗಿನ ತಪ್ಪಿಗೆ ಮಾತ್ರ. ಚಿಪ್ಪಿಂದ ಪ್ರೊಸೆಸರಿಗೆ ಹೋಗೋ ದಾರೀಲಿ ಕೆಟ್ಟಿದ್ದನ್ನ ಹಿಡಿಯಲ್ಲ.

ಚಿತ್ರದುರ್ಗ: ನಿಮ್ಮ ಅಂಗಡೀಲಿ ಹಳೇ ಡಿಡಿಆರ್4 ಖರ್ಚಾಗ್ಬೇಕಲ್ಲ, ಅದಕ್ಕೇ ಈ ಮಾತು.

ಹರಿಹರ: ಅಂಗಡಿ ವಿಷಯ ಎತ್ಬೇಡ್ರಿ. ಹೊಟ್ಟೆಪಾಡು ಅದು.

ರಿಪೇರಿಯವರು: ಇಸಿಸಿ ಬಗ್ಗೆ ಹರಿಹರದವರು ಹೇಳಿದ್ದು ಸರಿ, ರಬ್ಬರ್ ಬಗ್ಗೆ ದುರ್ಗದವರು. ಇಲ್ಲಿಗೆ ಬಿಡಿ ಇಬ್ರೂ.

ಹೊಳಲ್ಕೆರೆ: ಲ್ಯಾಪ್‌ಟಾಪಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿದ್ರೆ ಹೆಚ್ಚಿಸೋಕೆ ದಾರಿ ಐತಾ ಸರ್?

ಎಸ್.ಎಸ್. ಬಡಾವಣೆ: ಎಎಂ5ಗೆ ಮನೇಲಿರೋ ಡಿಡಿಆರ್4 ಹಾಕಬಹುದಾ?

ರಿಪೇರಿಯವರು: ಇಲ್ಲ. ಮೇಲೆ ಓದಿ.

ಆವರಗೆರೆ: ನಾಲ್ಕು ಸ್ಲಾಟೂ ತುಂಬಿದ್ರೆ ಸ್ಪೀಡ್ ಜಾಸ್ತಿ ಅಲ್ವಾ?

ರಿಪೇರಿಯವರು: ಕಡಿಮೆ. ರೈಜನ್ 7000 ಸರಣಿಗೆ, ಎಕ್ಸ್‌ಪೋ ಹಾಕದಿದ್ರೆ, ಎರಡು ರ‍್ಯಾಮಿದ್ರೆ ವೇಗ 5200, ನಾಲ್ಕಿದ್ರೆ 3600 ಅಂತ ಎಎಂಡಿಯವರ ಲೆಕ್ಕ.

ಎಸ್.ಎಸ್. ಬಡಾವಣೆ: ಸ್ವಲ್ಪ ಮರ್ಯಾದೆಯಿಂದ ಹೇಳಿದ್ರೆ ಏನು ಕಳ್ಕೊಳ್ತೀರಿ?

ಹರಿಹರ: ಅವರು ಬಿಟ್ಟಿ ಕೂತು ಹೇಳ್ತಿದಾರೆ. ಮೇಲಿಂದ ಓದ್ಕೊಂಡು ಬರೋಕೆ ನಿಮಗೇನು ಕಷ್ಟ?

ಪಿ.ಜೆ. ಬಡಾವಣೆ, ಫೋಟೊ ಸ್ಟುಡಿಯೊ: ಹೊಸ ರ‍್ಯಾಮಲ್ಲಿ ಮೊದಲ ಸುತ್ತಿಗೇ 37 ತಪ್ಪು. ಆದ್ರೆ ಸರ್, ಎರಡು ಕಾರ್ಡ್ ನಿನ್ನೇನೇ ಫಾರ್ಮ್ಯಾಟ್ ಮಾಡಿಬಿಟ್ಟೀನಿ.

ರಿಪೇರಿಯವರು: ಅವುಗಳಲ್ಲಿ ಇನ್ನು ಒಂದು ಫೋಟೊನೂ ತೆಗೀಬೇಡಿ, ಈಗಲೇ ಕ್ಯಾಮೆರಾದಿಂದ ಬಿಚ್ಚಿಡಿ. ಮೇಲೆ ಬೇರೇದು ಬರೆದಿಲ್ಲ ಅಂದ್ರೆ ಹಳೇ ಫೈಲು ಸಿಗಬಹುದು. ನಾಳೆ ಹತ್ತಕ್ಕೆ ಎರಡನ್ನೂ ಅಂಗಡಿಗೆ ತನ್ನಿ, ಬೇರೆ ಕೆಲಸ ಬದಿಗಿಟ್ಟು ಕೂರ್ತೀನಿ.